ಬಾಟ್ ಕಳಿಸಿದ್ದು 12, ಚಾನೆಲ್‌ನಲ್ಲಿ ಕಂಡದ್ದು 2: ಟರ್ಮಿನಲ್ ಚಾಟ್‌ನ ಬಣ್ಣದ ಸಂಕೇತಗಳು

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಗೆಳೆಯರ ಜೊತೆ ಸೇರಿ ಒಂದು ಮುಕ್ತ ತಂತ್ರಾಂಶದ ಕೆಲಸ ನಡೆಸುತ್ತಿದ್ದೇವೆ, ಮಾತುಕತೆಯೆಲ್ಲ ಐಆರ್‌ಸಿ ಎಂಬ ಹಳೆಯ ಪಠ್ಯ ಚಾಟ್‌ನ ಚಾನೆಲ್‌ನಲ್ಲಿ. ನಾನು ಟರ್ಮಿನಲ್‌ನಿಂದ (ಬರಿ ಪಠ್ಯದಲ್ಲಿ ಆಜ್ಞೆ ಕೊಡುವ ಕಿಟಕಿ) ಎಸ್‌ಎಸ್‌ಎಚ್ ಮೂಲಕ ದೂರದ ಸರ್ವರ್‌ಗೆ ಹೋಗಿ, ಒಂದೇ ಟರ್ಮಿನಲ್‌ನಲ್ಲಿ ಹಲವು ಕಿಟಕಿ ನಡೆಸುವ ಟಿಮಕ್ಸ್ ಒಳಗೆ ಇರ್ಸಿ ಎಂಬ ಐಆರ್‌ಸಿ ಪ್ರೋಗ್ರಾಮು ಬಳಸುತ್ತೇನೆ. ನಮ್ಮ ತಂತ್ರಾಂಶದ ಪರೀಕ್ಷೆಗಳ ಫಲಿತಾಂಶ ತಿಳಿಸಲು ಬಾಟ್ (ತಾನಾಗಿಯೇ ಸಂದೇಶ ಕಳಿಸುವ ಪ್ರೋಗ್ರಾಮು) ಬರೆದು, ಸೋತರೆ ಕೆಂಪು, ಪಾಸಾದರೆ ಹಸಿರು ಬರುವಂತೆ ಸಂಕೇತ ಸೇರಿಸಿದೆ. ಮೊನ್ನೆ 12 ಪರೀಕ್ಷೆಗಳು ಸೋತಿದ್ದವು, ಚಾನೆಲ್‌ನಲ್ಲಿ ‘2 ಪರೀಕ್ಷೆ ವಿಫಲ’ ಎಂದು ಬಂತು. ಬೇರೆ ಆ್ಯಪ್‌ನಿಂದ ಸೇತುವೆ (ಎರಡು ಚಾಟ್‌ಗಳ ನಡುವೆ ಸಂದೇಶ ಸಾಗಿಸುವ ಪ್ರೋಗ್ರಾಮು) ಮೂಲಕ ಬರುವ ಒಬ್ಬರಿಗೆ ಬಣ್ಣದ ಬದಲು 3, 4 ಎಂಬ ಅಂಕಿಗಳೇ ಕಾಣುತ್ತವಂತೆ. ರಾಜ್ಯೋತ್ಸವಕ್ಕೆ ಅಕ್ಷರಕ್ಕೊಂದರಂತೆ ಹಳದಿ-ಕೆಂಪು ಹಾಕಿ ಉದ್ದನೆಯ ಶುಭಾಶಯ ಕಳಿಸಿದರೆ ಒತ್ತಕ್ಷರಗಳು ಒಡೆದವು, ಕೊನೆಯ ಭಾಗ ಕಾಣೆಯಾಯಿತು. ಕಂಟ್ರೋಲ್-ಬಿ ಒತ್ತಿದರೆ ದಪ್ಪ ಅಕ್ಷರ ಬರುವುದೇ ಇಲ್ಲ, ಓರೆ ಅಕ್ಷರ ಕಳಿಸಿದರೆ ಬಿಳಿ ಪಟ್ಟಿ ಬರುತ್ತದೆ. ಇಷ್ಟರ ಮೇಲೆ ತಂಡದ ಹಿರಿಯರೊಬ್ಬರು, ‘ಈ ಸಂಕೇತಗಳಿಂದ ಬೇರೆಯವರ ಟರ್ಮಿನಲ್ಲನ್ನೇ ಕೈವಶ ಮಾಡಿಕೊಳ್ಳಬಹುದು, ಎಲ್ಲ ತೆಗೆದುಬಿಡು’ ಎನ್ನುತ್ತಿದ್ದಾರೆ. ಅವರು ಹೇಳುವುದು ನಿಜವೇ? ಬಣ್ಣ ಬಿಟ್ಟುಬಿಡಲೇ?

ಉತ್ತರ: ಬಣ್ಣ ಬಿಡಬೇಕಾಗಿಲ್ಲ. ಆದರೆ 12 ಎಂಬುದು 2 ಆದದ್ದನ್ನು ಇವತ್ತೇ ಸರಿಪಡಿಸಿ. ನಿಮ್ಮ ದೂರುಗಳಲ್ಲಿ ಅತಿ ಗಂಭೀರವಾದದ್ದು ಅದೇ. ಒತ್ತಕ್ಷರ ಒಡೆದರೆ ಏನೋ ಕೆಟ್ಟಿದೆ ಎಂದು ನೋಡಿದವರಿಗೆಲ್ಲ ಗೊತ್ತಾಗುತ್ತದೆ. ‘2 ಪರೀಕ್ಷೆ ವಿಫಲ’ ಎಂಬ ಸಾಲು ಸರಿಯಾಗಿಯೇ ಕಾಣುವುದರಿಂದ ಯಾರೂ ಅನುಮಾನಿಸುವುದಿಲ್ಲ.

ಐಆರ್‌ಸಿಯಲ್ಲಿ ಬಣ್ಣದ ಸಂಕೇತ ಎಂದರೆ 3 ಎಂಬ ಬೆಲೆಯ ಒಂದು ಬೈಟ್, ಅದರ ಬೆನ್ನಿಗೆ ಬಣ್ಣದ ಸಂಖ್ಯೆ. ಕಣ್ಣಿಗೆ ಕಾಣದ ಆ ಬೈಟನ್ನು ಇಲ್ಲಿ ■ ಎಂದು ಬರೆಯುತ್ತೇನೆ. ಕೆಂಪಿನ ಸಂಖ್ಯೆ 4. ನಿಮ್ಮ ಬಾಟ್ ಬಹುಶಃ ‘■4’ ಎಂದು ಬರೆದು ಅದಕ್ಕೆ ಅಂಟಿಕೊಂಡಂತೆ ‘12 ಪರೀಕ್ಷೆ ವಿಫಲ’ ಎಂದು ಸೇರಿಸುತ್ತಿದೆ. ಸಾಲು ‘■412 ಪರೀಕ್ಷೆ ವಿಫಲ’ ಆಗುತ್ತದೆ. ಓದುವ ಪ್ರೋಗ್ರಾಮು ■ ಆದಮೇಲೆ ಹೆಚ್ಚೆಂದರೆ ಎರಡು ಅಂಕಿ ತೆಗೆದುಕೊಳ್ಳಬೇಕೆಂಬುದು ರೂಢಿ. ಅದು 41ನ್ನು ಬಣ್ಣ ಎಂದು ನುಂಗುತ್ತದೆ, ಉಳಿಯುವುದು 2. ಅಂದು 5 ಪರೀಕ್ಷೆ ಸೋತಿದ್ದರೆ 45 ಬಣ್ಣವಾಗಿ ಸಂಖ್ಯೆ ಪೂರ್ತಿ ಮಾಯವಾಗುತ್ತಿತ್ತು. 120 ಸೋತಿದ್ದರೆ 20 ಕಾಣುತ್ತಿತ್ತು.

ಮದ್ದು ಒಂದೇ ಒಂದು ಸೊನ್ನೆ. ಬಣ್ಣವನ್ನು ಯಾವಾಗಲೂ ಎರಡಂಕಿಯಲ್ಲಿ, 04, 03 ಎಂದೇ ಬರೆಯಿರಿ. ಬಣ್ಣ ಮುಗಿಸುವಾಗಲೂ ಇದೇ ಗುಂಡಿ ಕಾದಿರುತ್ತದೆ. ಸಂಖ್ಯೆಯಿಲ್ಲದ ಬರಿ ■ ಬಣ್ಣವನ್ನು ನಿಲ್ಲಿಸುತ್ತದೆ ನಿಜ, ಆದರೆ ಅದರ ನಂತರವೇ ಅಂಕಿ ಬಂದರೆ ಹೊಸ ಬಣ್ಣ ಶುರುವಾಗುತ್ತದೆ. ‘ವಿಫಲ:■12’ ಎಂದು ಬರೆದರೆ 12 ಕಾಣೆಯಾಗಿ ಮುಂದಿನ ಪಠ್ಯ ತಿಳಿನೀಲಿಯಾಗುತ್ತದೆ. ಮುಗಿಸಲು 15 ಬೆಲೆಯ ಬೈಟ್ ಬಳಸಿ. ಅದು ಬಣ್ಣ, ದಪ್ಪ, ಓರೆ ಎಲ್ಲವನ್ನೂ ಒಟ್ಟಿಗೆ ಅಳಿಸುತ್ತದೆ, ಅದರ ನಂತರ ಯಾವ ಅಂಕಿ ಬಂದರೂ ತೊಂದರೆಯಿಲ್ಲ. ಅಲ್ಪವಿರಾಮದ ಕಡೆಗೂ ಗಮನವಿರಲಿ. ಬಣ್ಣದ ಸಂಖ್ಯೆಗೆ ಅಂಟಿಕೊಂಡು ಅಲ್ಪವಿರಾಮ, ಅದಕ್ಕೆ ಅಂಟಿಕೊಂಡು ಅಂಕಿ ಬಂದರೆ ಅದು ಹಿನ್ನೆಲೆಯ ಬಣ್ಣವಾಗುತ್ತದೆ. ಅಂದಹಾಗೆ, ಸಂಖ್ಯೆಯನ್ನು ೧೨ ಎಂದು ಕನ್ನಡ ಅಂಕಿಯಲ್ಲಿ ಬರೆದಿದ್ದರೆ ಈ ತೊಂದರೆ ಆಗುತ್ತಲೇ ಇರಲಿಲ್ಲ, ಏಕೆಂದರೆ ಬಣ್ಣದ ಸಂಖ್ಯೆಯಾಗಿ 0ಯಿಂದ 9ರವರೆಗಿನ ಇಂಗ್ಲಿಷ್ (ಆಸ್ಕಿ) ಅಂಕಿಗಳಿಗೆ ಮಾತ್ರ ಬೆಲೆ.

ಇಷ್ಟು ಸಡಿಲವಾದ ನಿಯಮ ಹೇಗೆ ಉಳಿಯಿತು ಎಂದು ಕೇಳಬಹುದು. ಐಆರ್‌ಸಿಯನ್ನು ಯಾರ್ಕ್ಕೊ ಓಯ್ಕರಿನೆನ್ ಅವರು ಫಿನ್‌ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ 1988ರಲ್ಲಿ ಬರೆದರು. ಅದರ ನಿಯಮಗಳು 1993ರ ಮೇ ತಿಂಗಳಲ್ಲಿ ಆರ್‌ಎಫ್‌ಸಿ 1459 ಎಂಬ ಅಂತರಜಾಲ ದಾಖಲೆಯಾಗಿ ಹೊರಬಂದವು. ಅದರಲ್ಲಿ ಬಣ್ಣದ ಪ್ರಸ್ತಾಪವೇ ಇಲ್ಲ. 1995ರಲ್ಲಿ ಖಾಲೆದ್ ಮರ್ದಮ್-ಬೇ ಅವರು ವಿಂಡೋಸ್‌ಗಾಗಿ ಬಿಡುಗಡೆ ಮಾಡಿದ ಎಂಐಆರ್‌ಸಿ ಎಂಬ ಪ್ರೋಗ್ರಾಮಿನ ಬಣ್ಣದ ಪದ್ಧತಿಯನ್ನು ಉಳಿದವರು ನೋಡಿ ಕಲಿತರು. ಇರ್ಸಿಯೂ ಅದರಂತೆಯೇ ಟರ್ಮಿನಲ್‌ನಲ್ಲಿ ಓಡುವ ವೀಚಾಟ್ ಕೂಡ ಅದನ್ನೇ ಅನುಸರಿಸುತ್ತವೆ. ಸರ್ವರ್‌ಗೆ ಈ ಬೈಟ್‌ಗಳು ಏನೆಂದೇ ಗೊತ್ತಿಲ್ಲ, ಬಂದದ್ದನ್ನು ಬಂದಂತೆ ರವಾನಿಸುತ್ತದೆ. ಬಣ್ಣ ಹುಟ್ಟುವುದು ಓದುವವರ ಪರದೆಯಲ್ಲಿ.

ನಿಮ್ಮ ಗೆಳೆಯರಿಗೆ 3, 4 ಕಾಣುವುದಕ್ಕೂ ಕಾರಣ ಇಲ್ಲೇ ಇದೆ. ಸೇತುವೆ ಪ್ರೋಗ್ರಾಮು ■ ಬೈಟನ್ನು ‘ಮುದ್ರಿಸಲಾಗದ ಅಕ್ಷರ’ ಎಂದು ಕಿತ್ತು ಹಾಕಿ, ಅದರ ನಂತರದ ಅಂಕಿಗಳನ್ನು ಪಠ್ಯವೆಂದುಕೊಂಡು ಬಿಟ್ಟಿದೆ. ‘ವಿಫಲ’ ಎಂಬುದು ‘4ವಿಫಲ’ ಆಗುತ್ತದೆ. ಇದು ನಿಮ್ಮ ಬಾಟ್‌ನ ತಪ್ಪಲ್ಲ, ಸೇತುವೆ ನಡೆಸುವವರು ತಿದ್ದಬೇಕಾದದ್ದು. ಆದರೂ ಯೋಚಿಸಿ: ‘■0412 ಪರೀಕ್ಷೆ ವಿಫಲ’ ಎಂದು ನೀವು ಸರಿಯಾಗಿಯೇ ಬರೆದರೂ ಆ ಗೆಳೆಯರಿಗೆ 0412 ಎಂದು ಕಾಣುತ್ತದೆ. ಹಾಗಾಗಿ ಸಂಖ್ಯೆಗೆ ಬಣ್ಣ ಹಚ್ಚಲೇಬೇಡಿ. ಬಣ್ಣ ‘ವಿಫಲ’ ಎಂಬ ಪದಕ್ಕಿರಲಿ, ಸಂಖ್ಯೆ ಬಣ್ಣವಿಲ್ಲದೆ ದೂರ ನಿಲ್ಲಲಿ.

ಇನ್ನು ಹಿರಿಯರು ಹೇಳಿದ್ದು. ಅವರ ಭಯ ಆಧಾರವಿಲ್ಲದ್ದಲ್ಲ, ಆದರೆ ಅದು ಬೇರೆ ಜಾತಿಯ ಸಂಕೇತಗಳಿಗೆ ಸೇರಿದ್ದು. ಟರ್ಮಿನಲ್ ಚಾಟ್‌ನಲ್ಲಿ ಎರಡು ಬಗೆಯ ಸಂಕೇತಗಳು ಓಡಾಡುತ್ತವೆ, ಎರಡನ್ನೂ ‘ಕಲರ್ ಕೋಡ್’ ಎಂದೇ ಕರೆಯುವುದರಿಂದ ಗೊಂದಲ. ಮೊದಲನೆಯದು ಈವರೆಗೆ ಹೇಳಿದ ■ ಬಗೆ. ಅದು ಬಣ್ಣ ಹೇಳುತ್ತದೆ, ಅಷ್ಟೇ. ಎರಡನೆಯದು ಟರ್ಮಿನಲ್ಲಿಗೇ ಕೊಡುವ ಆಜ್ಞೆಗಳು: ಎಸ್ಕೇಪ್ ಎಂಬ 27ರ ಬೈಟ್, ಚೌಕ ಆವರಣ, ಅಂಕಿಗಳು, ಕೊನೆಗೊಂದು ಅಕ್ಷರ. 1976ರ ಎಕ್ಮಾ-48 ಮಾನದಂಡದಲ್ಲಿ ರೂಪ ಪಡೆದು, 1978ರ ವಿಟಿ100 ಟರ್ಮಿನಲ್ ಜೊತೆ ಹರಡಿದ ಪದ್ಧತಿ ಇದು. ಬಣ್ಣ ಇದರ ಒಂದು ಸಣ್ಣ ಭಾಗ ಮಾತ್ರ. ಪರದೆ ಅಳಿಸುವುದು, ಕರ್ಸರ್ ಹಿಂದಕ್ಕೆ ಸರಿಸಿ ಆಗಲೇ ಕಂಡ ಸಾಲಿನ ಮೇಲೆ ಬೇರೇನೋ ಬರೆಯುವುದು, ಕಿಟಕಿಯ ಶೀರ್ಷಿಕೆ ಬದಲಿಸುವುದು, ಎಲ್ಲ ಇದರಿಂದ ಆಗುತ್ತದೆ. ಕೆಲವು ಹಳೆಯ ಟರ್ಮಿನಲ್ ಪ್ರೋಗ್ರಾಮುಗಳು ‘ನಿನ್ನ ಶೀರ್ಷಿಕೆ ಏನು’ ಎಂದು ಕೇಳಿದರೆ ಅದನ್ನು ಕೀಲಿಮಣೆಯಿಂದ ಟೈಪ್ ಮಾಡಿದಂತೆ ವಾಪಸ್ ಕಳಿಸುತ್ತಿದ್ದವು. ಶೀರ್ಷಿಕೆಯಲ್ಲಿ ಮೊದಲೇ ಆಜ್ಞೆಯೊಂದನ್ನು ತುಂಬಿಟ್ಟರೆ ಅದು ಶೆಲ್‌ಗೆ, ಅಂದರೆ ಆಜ್ಞೆಗಳನ್ನು ನಡೆಸುವ ಪ್ರೋಗ್ರಾಮಿಗೆ, ತಲುಪುತ್ತಿತ್ತು. ಎಚ್.ಡಿ. ಮೂರ್ ಎಂಬ ಭದ್ರತಾ ತಜ್ಞರು 2003ರಲ್ಲಿ ಇಂಥ ದೋಷಗಳನ್ನು ವಿವರವಾಗಿ ಬಯಲಿಗೆ ತಂದ ಮೇಲೆ ಟರ್ಮಿನಲ್ ತಯಾರಕರು ಬಹಳಷ್ಟನ್ನು ಮುಚ್ಚಿದರು.

ಇರ್ಸಿ, ವೀಚಾಟ್‌ನಂಥ ಪ್ರೋಗ್ರಾಮುಗಳು ಬೇರೆಯವರು ಕಳಿಸಿದ ಎಸ್ಕೇಪ್ ಬೈಟನ್ನು ನೇರವಾಗಿ ನಿಮ್ಮ ಟರ್ಮಿನಲ್ಲಿಗೆ ಸುರಿಯುವುದಿಲ್ಲ. ■ ಸಂಕೇತ ಬಂದರೆ ಅದನ್ನು ತಾವು ಓದಿ, ನಿಮ್ಮ ಟರ್ಮಿನಲ್ಲಿಗೆ ಬೇಕಾದ ಆಜ್ಞೆಯನ್ನು ತಾವೇ ಹೊಸದಾಗಿ ಬರೆಯುತ್ತವೆ. ಮಧ್ಯೆ ಒಬ್ಬ ದುಭಾಷಿ ಕೂತಿರುವಾಗ ಹೊರಗಿನವರ ಮಾತು ನೇರ ಒಳಗೆ ಹೋಗುವುದಿಲ್ಲ. ಆ ದುಭಾಷಿಯಿಲ್ಲದ ಕಡೆ ಹಿರಿಯರ ಭಯ ಇವತ್ತಿಗೂ ನಿಜ. ಚಾಟ್‌ನ ಕಚ್ಚಾ ಲಾಗ್ ಕಡತವನ್ನು ಕ್ಯಾಟ್ ಅಥವಾ ಟೇಲ್ ಆಜ್ಞೆಯಿಂದ ನೋಡಿದರೆ ಅದರೊಳಗಿನ ಎಸ್ಕೇಪ್ ಬೈಟ್‌ಗಳನ್ನು ಟರ್ಮಿನಲ್ ಪಾಲಿಸುತ್ತದೆ. ಲಾಗ್ ನೋಡಲು ಲೆಸ್ ಎಂಬ ಆಜ್ಞೆ ಬಳಸಿ. ಅದರ ದೊಡ್ಡಕ್ಷರದ ಆರ್ ಆಯ್ಕೆ ಬಣ್ಣದ ಆಜ್ಞೆಗಳಿಗೆ ದಾರಿ ಬಿಡುತ್ತದೆ, ಸಣ್ಣಕ್ಷರದ ಆರ್ ಆಯ್ಕೆ ಎಲ್ಲವನ್ನೂ ಬಿಟ್ಟುಬಿಡುತ್ತದೆ. ಆ ಎರಡನೆಯದನ್ನು ಅಪರಿಚಿತ ಕಡತಗಳ ಮೇಲೆ ಬಳಸಬೇಡಿ.

ನಿಮ್ಮ ಬಾಟ್ ವಿಷಯದಲ್ಲಿ ನನಗೆ ಇದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿದೆ, ನಿಮ್ಮ ಪತ್ರದಲ್ಲಿ ಅದರ ಸುಳಿವಿಲ್ಲ. ಬಾಟ್ ಯಾರದೋ ಕಮಿಟ್ ಸಂದೇಶವನ್ನೋ (ಕೋಡ್ ಬದಲಾವಣೆಯ ಜೊತೆ ಬರೆಯುವ ಟಿಪ್ಪಣಿ), ಪರೀಕ್ಷೆಯ ಹೆಸರನ್ನೋ, ದೋಷದ ಪಠ್ಯವನ್ನೋ ಚಾನೆಲ್‌ಗೆ ರವಾನಿಸುತ್ತದೆಯೇ? ಐಆರ್‌ಸಿಯಲ್ಲಿ ಒಂದು ಸಾಲು ಅಂದರೆ ಒಂದು ಆಜ್ಞೆ. ಹೊರಗಿನವರ ಪಠ್ಯದಲ್ಲಿ ಹೊಸಸಾಲಿನ ಬೈಟ್ ಇದ್ದು ನೀವು ಅದನ್ನು ತೆಗೆಯದೆ ಕಳಿಸಿದರೆ, ಎರಡನೆಯ ಸಾಲನ್ನು ಸರ್ವರ್ ಬಾಟ್‌ನ ಸ್ವಂತ ಆಜ್ಞೆಯೆಂದು ತಿಳಿಯುತ್ತದೆ. ಬಾಟ್‌ಗೆ ಚಾನೆಲ್‌ನ ಆಪರೇಟರ್ ಅಧಿಕಾರವಿದ್ದರೆ ಹೊರಗಿನವರು ಅದರ ಬಾಯಿಂದಲೇ ನಿಮ್ಮವರನ್ನು ಹೊರಹಾಕಿಸಬಹುದು. ಬಣ್ಣಕ್ಕಿಂತ ಮೊದಲು ಈ ಬಾಗಿಲು ಮುಚ್ಚಿ. ಹೊರಗಿನಿಂದ ಬಂದ ಪಠ್ಯದಿಂದ ನಿಯಂತ್ರಣ ಅಕ್ಷರಗಳನ್ನೆಲ್ಲ ತೆಗೆದು, ಆಮೇಲೆ ನಿಮ್ಮ ಸಂಕೇತ ಸೇರಿಸಿ.

ತೆಗೆಯುವಾಗ ಕನ್ನಡಿಗರು ಒಂದು ಮಾತು ನೆನಪಿಡಬೇಕು. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ 32ಕ್ಕಿಂತ ಕೆಳಗಿನವು, 127, ಮತ್ತೆ 128ರಿಂದ 159ರವರೆಗಿನವು ನಿಯಂತ್ರಣ ಅಕ್ಷರಗಳು. ಇದನ್ನು ಬೈಟ್‌ಗಳ ಮೇಲೆ ಹಾಗೆಯೇ ಪ್ರಯೋಗಿಸಿದರೆ ಕನ್ನಡ ಚಿಂದಿಯಾಗುತ್ತದೆ. ಆ ಸಂಖ್ಯೆಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ‘ಕ’ ಎಂಬುದು 224, 178, 149 ಎಂಬ ಮೂರು ಬೈಟ್. ಕೊನೆಯ 149ನ್ನು ನಿಯಂತ್ರಣ ಅಕ್ಷರವೆಂದು ಕಿತ್ತರೆ ‘ಕ’ ಹೋಯಿತು. ಮೊದಲು ಬೈಟ್‌ಗಳನ್ನು ಪಠ್ಯವಾಗಿ ಬಿಡಿಸಿ, ಆಮೇಲೆ ಅಕ್ಷರಗಳ ಮಟ್ಟದಲ್ಲಿ ಸೋಸಿ.

ಪರೀಕ್ಷೆ ನಡೆಸುವ ಪ್ರೋಗ್ರಾಮುಗಳು ತಾವೇ ಟರ್ಮಿನಲ್ ಬಣ್ಣ ಸೇರಿಸುತ್ತವೆ. ಅದನ್ನು ಸೋಸುವಾಗ ಎಸ್ಕೇಪ್ ಬೈಟನ್ನಷ್ಟೇ ತೆಗೆದರೆ ಚೌಕ ಆವರಣ, 31, ಎಂ ಅಕ್ಷರ ಇಂಥ ಕಸ ಚಾನೆಲ್‌ನಲ್ಲಿ ಉಳಿಯುತ್ತದೆ. ಆಜ್ಞೆಯನ್ನು ಇಡಿಯಾಗಿ ತೆಗೆಯಿರಿ, ಇಲ್ಲವೇ ಆ ಪ್ರೋಗ್ರಾಮಿನಲ್ಲೇ ಬಣ್ಣ ಆಫ್ ಮಾಡಿ ಓಡಿಸಿ.

ರಾಜ್ಯೋತ್ಸವದ ಶುಭಾಶಯಕ್ಕೆ ಬರೋಣ. ನಿಮ್ಮ ಸ್ಕ್ರಿಪ್ಟ್ ‘ಅಕ್ಷರ’ ಎಂದು ಎಣಿಸಿದ್ದು ಯೂನಿಕೋಡ್ ಬಿಡಿಭಾಗಗಳನ್ನು. ನಮ್ಮ ಕಣ್ಣಿಗೆ ‘ಜ್ಯೋ’ ಒಂದೇ ಅಕ್ಷರ, ಗಣಕದಲ್ಲಿ ಅದು ಜ, ಅರ್ಧಾಕ್ಷರದ ಚಿಹ್ನೆ, ಯ, ಓಕಾರದ ಚಿಹ್ನೆ ಎಂಬ ನಾಲ್ಕು. ಆ ನಾಲ್ಕರ ನಡುವೆ ನೀವು ಬಣ್ಣದ ಬೈಟ್ ತೂರಿಸಿದರೆ ಒತ್ತು ಕೂಡಿಕೊಳ್ಳಲು ದಾರಿಯೇ ಇಲ್ಲ. ಬಣ್ಣ ಬದಲಾದಲ್ಲೆಲ್ಲ ಪಠ್ಯವನ್ನು ಬೇರೆ ತುಂಡಾಗಿ ಚಿತ್ರಿಸುವ ಪ್ರೋಗ್ರಾಮುಗಳಲ್ಲಿ ‘ಜ್’ ಒಂದು ಕಡೆ, ‘ಯ’ ಇನ್ನೊಂದು ಕಡೆ, ಓಕಾರ ಚುಕ್ಕಿವೃತ್ತಕ್ಕೆ ನೇತುಬಿದ್ದು ಕಾಣುತ್ತದೆ. ಟರ್ಮಿನಲ್‌ಗಳು ಕನ್ನಡದ ಒತ್ತಕ್ಷರವನ್ನು ಚೌಕಳಿ ಮನೆಗಳಲ್ಲಿ ಕೂರಿಸಲು ಮೊದಲೇ ತಿಣುಕುತ್ತವೆ, ಅದರ ಮೇಲೆ ಈ ಹೊರೆ ಬೇಡ.

ಸಾಲು ತುಂಡಾದ ಕಾರಣ ಬೇರೆ. ಐಆರ್‌ಸಿಯಲ್ಲಿ ಒಂದು ಸಂದೇಶದ ಮಿತಿ 512 ಬೈಟ್. ಅದರೊಳಗೆ ಕೊನೆಯ ಎರಡು ಬೈಟ್, ನಿಮ್ಮ ಹೆಸರು, ವಿಳಾಸ, ಚಾನೆಲ್‌ನ ಹೆಸರು ಎಲ್ಲ ಸೇರಿವೆ. ಕನ್ನಡದ ಪ್ರತಿ ಬಿಡಿಭಾಗಕ್ಕೆ 3 ಬೈಟ್ ಬೇಕು. ಎರಡಂಕಿಯ ಬಣ್ಣದ ಸಂಕೇತಕ್ಕೂ ಸರಿಯಾಗಿ 3 ಬೈಟ್. ‘ಕನ್ನಡ ರಾಜ್ಯೋತ್ಸವದ ಹಾರ್ದಿಕ ಶುಭಾಶಯಗಳು’ ಎಂಬುದು ಬರಿದಾಗಿ 99 ಬೈಟ್, ಬಿಡಿಭಾಗಕ್ಕೊಂದು ಬಣ್ಣ ಹಾಕಿದರೆ 195. ಇಂಥ ಮೂರು ವಾಕ್ಯ ಒಂದೇ ಸಾಲಿನಲ್ಲಿ ಕಳಿಸಿದರೆ ಮಿತಿ ದಾಟುತ್ತದೆ. ಕತ್ತರಿ ಅಕ್ಷರದ ನಡುವೆ ಬಿದ್ದರೆ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಪೆಟ್ಟಿಗೆ ಕಾಣುತ್ತದೆ. ಹಳದಿ-ಕೆಂಪು ಹಾಕುವ ಆಸೆ ಖಂಡಿತ ಬಿಡಬೇಡಿ. ಪದಕ್ಕೊಂದು ಬಣ್ಣ ಹಾಕಿ, ಇಲ್ಲವೇ ಇಡೀ ಸಾಲನ್ನು ■04,08 ಎಂದು ಶುರು ಮಾಡಿ: ಹಳದಿಯ ಮೇಲೆ ಕೆಂಪು ಬರುತ್ತದೆ, ಖರ್ಚು 6 ಬೈಟ್.

ಇಲ್ಲಿ ಹಿನ್ನೆಲೆಯನ್ನೂ ಸೇರಿಸಿ ಹೇಳಿದ್ದಕ್ಕೆ ಕಾರಣವಿದೆ. ಬರಿ 08ರ ಹಳದಿ ಬಿಳಿ ಪರದೆಯಲ್ಲಿ ಕಾಣುವುದೇ ಇಲ್ಲ. 01ರ ಕಪ್ಪು, 02ರ ಗಾಢ ನೀಲಿ ಕಪ್ಪು ಟರ್ಮಿನಲ್‌ನಲ್ಲಿ ಮುಳುಗುತ್ತವೆ. ಈ ಸಂಖ್ಯೆಗಳು ನಿಖರ ಬಣ್ಣವನ್ನು ಹೇಳುವುದೂ ಇಲ್ಲ, ‘ನಾಲ್ಕನೆಯದು’ ಎಂದಷ್ಟೇ ಹೇಳುತ್ತವೆ. ನಾಲ್ಕನೆಯದು ಎಷ್ಟು ಕೆಂಪು ಎಂಬುದು ಓದುವವರ ಟರ್ಮಿನಲ್‌ನ ಬಣ್ಣದ ಪಟ್ಟಿಗೆ ಬಿಟ್ಟದ್ದು. ಹಲವು ಟರ್ಮಿನಲ್‌ಗಳು ದಪ್ಪ ಎಂದರೆ ಹೊಳೆಯುವ ಬಣ್ಣ ಎಂದುಕೊಳ್ಳುತ್ತವೆ. ಸೋಲರೈಸ್ಡ್ ಎಂಬ ಬಣ್ಣದ ಥೀಮ್ ಹಾಕಿಕೊಂಡವರಿಗೆ ಹೊಳೆಯುವ ಬಣ್ಣಗಳ ಜಾಗದಲ್ಲಿ ಬೂದು ಛಾಯೆಗಳಿರುವುದರಿಂದ ದಪ್ಪ ಅಕ್ಷರವೇ ಮಂಕಾಗಿ ಕಾಣಬಹುದು. 03ರ ಹಸಿರು, 04ರ ಕೆಂಪು, 06ರ ನೇರಳೆ ಎರಡೂ ಬಗೆಯ ಪರದೆಯಲ್ಲಿ ಸಾಮಾನ್ಯವಾಗಿ ಓದಲು ಬರುತ್ತವೆ. ಆದರೆ ನೀವು ಆರಿಸಿದ ಕೆಂಪು-ಹಸಿರು ಜೋಡಿಯನ್ನೇ ಬೇರ್ಪಡಿಸಲಾರದ ಕಣ್ಣುಗಳಿವೆ, ಗಂಡಸರಲ್ಲಿ ಇದು ಅಪರೂಪವೇನಲ್ಲ. ತೆರೆಯ ಪಠ್ಯವನ್ನು ಓದಿ ಹೇಳುವ ಪ್ರೋಗ್ರಾಮು ಬಳಸುವ ಅಂಧ ಗೆಳೆಯರಿಗೆ ಬಣ್ಣ ಸಾಮಾನ್ಯವಾಗಿ ತಲುಪುವುದೇ ಇಲ್ಲ. ಆದ್ದರಿಂದ ‘ವಿಫಲ’, ‘ಯಶಸ್ವಿ’ ಎಂಬ ಪದಗಳು ಕಡ್ಡಾಯವಾಗಿ ಇರಲೇಬೇಕು, ಬಣ್ಣ ಅದರ ಮೇಲಿನ ಹೆಚ್ಚುವರಿ. ಈ ಒಂದು ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ.

ಕಂಟ್ರೋಲ್-ಬಿ ತೊಂದರೆ ಸುಲಭದ್ದು. ಟಿಮಕ್ಸ್‌ಗೆ ಆ ಕೀಲಿಯೇ ಕರೆಗಂಟೆ, ತನಗೆ ಆಜ್ಞೆ ಬರಲಿದೆ ಎಂಬ ಸೂಚನೆ, ಹಾಗಾಗಿ ಅದು ಇರ್ಸಿಯವರೆಗೆ ಹೋಗುವುದೇ ಇಲ್ಲ. ಎರಡು ಸಲ ಒತ್ತಿ, ಎರಡನೆಯದನ್ನು ಟಿಮಕ್ಸ್ ಒಳಗೆ ಬಿಡುತ್ತದೆ. ಕಂಟ್ರೋಲ್ ಜೊತೆ ಒತ್ತಿದ ಅಕ್ಷರ ಇಂಗ್ಲಿಷ್ ವರ್ಣಮಾಲೆಯಲ್ಲಿ ಎಷ್ಟನೆಯದೋ ಆ ಬೆಲೆಯ ಬೈಟ್ ಹೊರಡುತ್ತದೆ: ಬಿಗೆ 2 (ದಪ್ಪ), ಸಿಗೆ 3 (ಬಣ್ಣ), ಓಗೆ 15 (ಅಳಿಸು). ಟರ್ಮಿನಲ್‌ನಲ್ಲಿ ಕಂಟ್ರೋಲ್-ಐ ಒತ್ತಿದರೆ 9, ಅಂದರೆ ಟ್ಯಾಬ್. ಓರೆ ಅಕ್ಷರದ ಬೆಲೆ 29 ಇರುವುದರಿಂದ ಅದಕ್ಕೆ ಕಂಟ್ರೋಲ್ ಜೊತೆ ಮುಚ್ಚುವ ಚೌಕ ಆವರಣ ಒತ್ತಬೇಕು. ವೀಚಾಟ್ ಬಳಸುವ ಗೆಳೆಯರು ಮೊದಲು ಕಂಟ್ರೋಲ್-ಸಿ ಒತ್ತಿ, ಆಮೇಲೆ ದಪ್ಪಕ್ಕೆ ಬಿ, ಬಣ್ಣಕ್ಕೆ ಸಿ, ಓರೆಗೆ ಐ ಒತ್ತಲಿ. ನಿಮ್ಮ ಬಿಳಿ ಪಟ್ಟಿಗೆ ಕಾರಣ ಟರ್ಮಿನಲ್‌ನ ಹೆಸರು. ಟಿಮಕ್ಸ್ ಒಳಗೆ ಟರ್ಮಿನಲ್ ಯಾವ ಬಗೆಯದು ಎಂದು ಹೇಳುವ ಟರ್ಮ್ ಎಂಬ ಚರಕ್ಕೆ ‘ಸ್ಕ್ರೀನ್’ ಎಂಬ ಹಳೆಯ ಬೆಲೆಯಿದ್ದರೆ ಓರೆಯೂ ಬಣ್ಣ ತಿರುಗಿಸುವುದೂ ಒಂದಕ್ಕೊಂದು ಅದಲುಬದಲಾಗುತ್ತವೆ. ಟಿಮಕ್ಸ್ ಸೆಟ್ಟಿಂಗ್‌ನಲ್ಲಿ ಅದನ್ನು ‘ಟಿಮಕ್ಸ್-256ಕಲರ್’ ಎಂದು ಬದಲಿಸಿ. ಆದರೂ ಕನ್ನಡಕ್ಕೆ ಓರೆ ಅಕ್ಷರ ಬಳಸದಿರುವುದೇ ನನ್ನ ಸಲಹೆ. ಹೆಚ್ಚಿನ ಕನ್ನಡ ಫಾಂಟ್‌ಗಳಲ್ಲಿ ಓರೆ ರೂಪವಿಲ್ಲ, ಯಂತ್ರ ಬಲವಂತವಾಗಿ ವಾಲಿಸಿದ ಅಕ್ಷರ ಓದಲು ಹಿತವಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು. ಬಾಟ್‌ನಿಂದ ಬಣ್ಣ ಪೂರ್ತಿ ತೆಗೆಯಬಹುದು. ಏನೂ ಕೆಡುವುದಿಲ್ಲ, ಆದರೆ ಗಿಜಿಗುಡುವ ಚಾನೆಲ್‌ನಲ್ಲಿ ವಿಫಲವಾದದ್ದು ತಟ್ಟನೆ ಕಣ್ಣಿಗೆ ಬೀಳುವ ಅನುಕೂಲ ಹೋಗುತ್ತದೆ. ಚಾನೆಲ್‌ಗೆ ಸಿ ಎಂಬ ಮೋಡ್ ಹಾಕಿ ಬಣ್ಣವನ್ನು ಸರ್ವರ್‌ನಲ್ಲೇ ತಡೆಯಬಹುದು. ಲಿಬೆರಾ ಚಾಟ್ ಎಂಬ ಐಆರ್‌ಸಿ ಜಾಲದಲ್ಲಿ ಆ ಮೋಡ್ ಸಂಕೇತಗಳನ್ನು ಕಳಚಿ ಪಠ್ಯವನ್ನು ಮುಂದೆ ಬಿಡುತ್ತದೆ. ಅನ್‌ರಿಯಲ್ ಐಆರ್‌ಸಿಡಿ ಎಂಬ ಸರ್ವರ್ ತಂತ್ರಾಂಶ ಓಡುವ ಜಾಲಗಳಲ್ಲಿ ಅದೇ ಹೆಸರಿನ ಮೋಡ್ ಬಣ್ಣವಿರುವ ಸಂದೇಶವನ್ನೇ ನಿರಾಕರಿಸುತ್ತದೆ, ಕಳಚುವುದಕ್ಕೆ ದೊಡ್ಡಕ್ಷರದ ಎಸ್ ಮೋಡ್ ಬೇಕು. ಈ ವ್ಯತ್ಯಾಸ ತಿಳಿಯದೆ ಹಾಕಿದರೆ ಬಾಟ್‌ನ ವರದಿಗಳು ಸದ್ದಿಲ್ಲದೆ ಕಾಣೆಯಾಗುತ್ತವೆ. ಮೂರನೆಯ ದಾರಿ ಬೇಡದವರು ತಮ್ಮ ಕಡೆ ಮುಚ್ಚಿಕೊಳ್ಳುವುದು. ಇರ್ಸಿಯಲ್ಲಿ ‘ಹೈಡ್_ಕಲರ್ಸ್’ ಆನ್ ಮಾಡಿದರೆ, ವೀಚಾಟ್‌ನ ಐಆರ್‌ಸಿ ನೆಟ್‌ವರ್ಕ್ ಸೆಟ್ಟಿಂಗ್‌ಗಳಲ್ಲಿ ‘ಕಲರ್ಸ್_ರಿಸೀವ್’ ಆಫ್ ಮಾಡಿದರೆ ಸಾಕು. ಆಗಲೂ ಜನರ ಹೆಸರುಗಳು ಬಣ್ಣಬಣ್ಣವಾಗಿ ಕಂಡರೆ ಗಾಬರಿ ಬೇಡ, ಅದನ್ನು ಯಾರೂ ಕಳಿಸಿದ್ದಲ್ಲ, ಅವರವರ ಪ್ರೋಗ್ರಾಮು ಹಚ್ಚಿಕೊಂಡದ್ದು.

ನಾನಾಗಿದ್ದರೆ ಸ್ಥಿತಿ ಹೇಳುವ ಒಂದೇ ಪದಕ್ಕೆ ಬಣ್ಣ ಇಟ್ಟು, ಬಾಟ್‌ನಲ್ಲಿ ಬಣ್ಣ ಆಫ್ ಮಾಡುವ ಸೌಲಭ್ಯ ಕೊಟ್ಟು, ಸೇತುವೆ ಇರುವ ಚಾನೆಲ್‌ಗಳಲ್ಲಿ ಅದನ್ನು ಆಫ್ ಆಗಿಯೇ ಇಡುತ್ತಿದ್ದೆ. ಬದಲಾವಣೆ ಮಾಡಿದ ಮೇಲೆ ಪ್ರಯೋಗದ ಸಾಲೊಂದನ್ನು ಕಳಿಸಿ: ■04, ‘ವಿಫಲ’, 15ರ ಬೈಟ್, ಒಂದು ಖಾಲಿ ಜಾಗ, 12, ಕೊನೆಗೆ ಒತ್ತಕ್ಷರವಿರುವ ಯಾವುದಾದರೂ ಪರೀಕ್ಷೆಯ ಹೆಸರು. ತಂಡದವರೆಲ್ಲ ತಮ್ಮ ಪರದೆಯ ಚಿತ್ರ ಕಳಿಸಲಿ, ಸೇತುವೆಯ ಗೆಳೆಯರೂ ಸೇರಿ. ಪ್ರತಿ ಚಿತ್ರದಲ್ಲೂ 12 ಇಡಿಯಾಗಿ ಇದೆಯೇ ಎಂಬುದನ್ನು ಮೊದಲು ನೋಡಿ, ಬಣ್ಣ ಆಮೇಲೆ. ಯಾರದಾದರೂ ಚಿತ್ರದಲ್ಲಿ ‘04ವಿಫಲ’ ಎಂದಿದ್ದರೆ ಅದನ್ನು ಸೇತುವೆ ನಡೆಸುವವರಿಗೆ ಕಳಿಸಿ, ■ ಬೈಟಿನ ಜೊತೆ ಅದರ ನಂತರದ ಅಂಕಿಗಳನ್ನೂ ತೆಗೆಯಬೇಕೆಂದು ತಿಳಿಸಿ.